ಒಂದೇ ಅಕ್ಷರ, ಎರಡು ಕೆಲಸ: ರುಸೈಲ್ ಬೋರ್ಡಿನಿಂದ ಮಂಗಳೂರಿನ ಬೊಮ್ಮನವರೆಗೆ



ಮಸ್ಕತ್ ಕಡೆಯಿಂದ ನಿಜ್ವಾ ರಸ್ತೆ ಹಿಡಿದವರಿಗೆಲ್ಲ ರುಸೈಲ್ ಗೊತ್ತು. 1980ರ ದಶಕದಲ್ಲಿ ಇಲ್ಲಿ ಕೈಗಾರಿಕಾ ಪ್ರದೇಶ ಶುರುವಾದ ಮೇಲೆ ನಮ್ಮವರು ಎಷ್ಟೋ ಮಂದಿ ಇಲ್ಲಿನ ಕಾರ್ಖಾನೆಗಳಲ್ಲಿ ದುಡಿದಿದ್ದಾರೆ, ಈಗಲೂ ದುಡಿಯುತ್ತಿದ್ದಾರೆ. ದಿನಾ ಕಣ್ಣಿಗೆ ಬೀಳುವ ರುಸೈಲ್ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಓದಿ ಮುಂದೆ ಹೋಗುವುದು ನಮ್ಮ ಅಭ್ಯಾಸ. ಅದರ ಜೊತೆಗಿರುವ ಅರೇಬಿಕ್ ಸಾಲನ್ನು ಒಮ್ಮೆ ಬಿಡಿಸಿ ನೋಡೋಣ. ಆ ಒಂದು ಹೆಸರಿನಲ್ಲಿ ಅರೇಬಿಕ್, ಹೀಬ್ರೂ ಲಿಪಿಗಳ ಒಂದು ದೊಡ್ಡ ಗುಟ್ಟು ಅಡಗಿದೆ. ನಮ್ಮ ರೆಸಿಡೆಂಟ್ ಕಾರ್ಡಿನಲ್ಲಿ ನಮ್ಮದೇ ಹೆಸರು ಯಾಕೆ ವಿಚಿತ್ರವಾಗಿ ಕೇಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ.

ಬಲದಿಂದ ಎಡಕ್ಕೆ ಆ ಬೋರ್ಡಿನಲ್ಲಿ ಇರುವುದು ಆರು ಅಕ್ಷರ: ಅಲಿಫ್, ಲಾಮ್, ರಾ, ಸೀನ್, ಯಾ, ಲಾಮ್. ಮೊದಲ ಎರಡು ಸೇರಿ 'ಅಲ್' ಎಂಬ ಪೂರ್ವಪದ. ಅದನ್ನು ಬಿಟ್ಟರೆ ಉಳಿಯುವುದು ರ್-ಸ್-ಯ್-ಲ್. ನಾವು ಹೇಳುವುದು ರುಸೈಲ್. ಹಾಗಾದರೆ 'ರು' ಎಂಬಲ್ಲಿನ ಉಕಾರ ಎಲ್ಲಿ? ಬೋರ್ಡಿನಲ್ಲಿ ಅದು ಇಲ್ಲವೇ ಇಲ್ಲ. ಓದುವವರೇ ಸೇರಿಸಿಕೊಳ್ಳಬೇಕು. 'ಸೈ' ಎಂಬಲ್ಲಿನ ಐಕಾರಕ್ಕೆ ಮಾತ್ರ ಒಂದು ಗುರುತು ಇದೆ, ಅದೇ 'ಯಾ' ಎಂಬ ಅಕ್ಷರ. ಈ ಯಾ ಪಕ್ಕದ ದೇಶ ಯಮನ್ ಹೆಸರಿನಲ್ಲಿ ಶುದ್ಧ ಯಕಾರ. ರುಸೈಲ್ ಇರುವ ವಿಲಾಯತ್ ಸೀಬ್ ಹೆಸರಿನಲ್ಲಿ ಅದು ದೀರ್ಘ ಈಕಾರ. ಅಂದರೆ ಒಂದೇ ಅಕ್ಷರ ಒಂದು ಕಡೆ ವ್ಯಂಜನ, ಇನ್ನೊಂದು ಕಡೆ ಸ್ವರ!

ಎಲುಬಿನ ಹಂದರ

ಅರೇಬಿಕ್, ಹೀಬ್ರೂ ಎರಡೂ ಸೆಮಿಟಿಕ್ ಕುಟುಂಬದ ಭಾಷೆಗಳು. ಎರಡರ ಲಿಪಿಗಳ ಮೂಲವೂ ಒಂದೇ. ಫಿನೀಷಿಯನ್ ಎಂಬ ಹಳೆಯ ಲಿಪಿಯಲ್ಲಿ 22 ಅಕ್ಷರಗಳಿದ್ದವು, ಅಷ್ಟೂ ವ್ಯಂಜನಗಳೇ. ಅ, ಇ, ಉ ಎಂದು ಬರೆಯುವ ಏರ್ಪಾಡೇ ಅದರಲ್ಲಿ ಇರಲಿಲ್ಲ.

ಸ್ವರವಿಲ್ಲದೆ ಬರೆದರೆ ಓದುವುದು ಹೇಗೆ ಎಂದು ನಮಗೆ ಆಶ್ಚರ್ಯವಾಗುತ್ತದೆ. ಕನ್ನಡದಲ್ಲಿ ಮ್-ನ್ ಎಂದಷ್ಟೇ ಬರೆದು ನೋಡಿ. ಅದು ಮನೆಯೋ, ಮಾನವೋ, ಮೀನೋ, ಮುನಿಯೋ, ಮೌನವೋ, ಮೊನೆಯೋ? ಬೇರೆ ಬೇರೆ ಅರ್ಥದ ಆರು ಪದಗಳು ಒಂದೇ ಹಂದರದಲ್ಲಿ ಕೂತುಬಿಡುತ್ತವೆ. ಕನ್ನಡಕ್ಕೆ ಈ ಪದ್ಧತಿ ಒಂದು ದಿನವೂ ನಡೆಯದು.

ಸೆಮಿಟಿಕ್ ಭಾಷೆಗಳ ಕಥೆ ಬೇರೆ. ಅಲ್ಲಿ ಪದದ ಮೂಲ ಅರ್ಥವನ್ನು ಹೊರುವುದು ಸಾಮಾನ್ಯವಾಗಿ ಮೂರು ವ್ಯಂಜನಗಳು. ಸ್ವರಗಳು ಬದಲಾದರೆ ಅದೇ ಅರ್ಥದ ಬೇರೆ ಬೇರೆ ರೂಪಗಳು ಹುಟ್ಟುತ್ತವೆ. ಕ್-ತ್-ಬ್ ಎಂದರೆ ಬರಹಕ್ಕೆ ಸಂಬಂಧಿಸಿದ್ದು. 'ಕತಬ' ಅಂದರೆ ಅವನು ಬರೆದ, 'ಕುತಿಬ' ಅಂದರೆ ಬರೆಯಲ್ಪಟ್ಟಿತು, 'ಕುತುಬ್' ಅಂದರೆ ಪುಸ್ತಕಗಳು. ಈ ಮೂರನ್ನೂ ಮಾಮೂಲಿ ಬರವಣಿಗೆಯಲ್ಲಿ ಕ್-ತ್-ಬ್ ಎಂದೇ ಬರೆಯುತ್ತಾರೆ. ಭಾಷೆ ಬಲ್ಲವರು ವಾಕ್ಯದ ಸಂದರ್ಭ ನೋಡಿ ಸರಿಯಾದದ್ದನ್ನು ಓದುತ್ತಾರೆ. ನಮ್ಮ ರಾಜಧಾನಿಯ ಹೆಸರನ್ನೇ ನೋಡಿ. ಅರೇಬಿಕ್‌ನಲ್ಲಿ ಅದು ಮ್-ಸ್-ಕ್-ತ್, ನಾಲ್ಕೇ ಅಕ್ಷರ, ಒಂದು ಸ್ವರವೂ ಇಲ್ಲ. ಓದುವವರು 'ಮಸ್ಕತ್' ಎಂದು ತಾವೇ ಉಸಿರು ತುಂಬುತ್ತಾರೆ.

ಮೂರು ಅಕ್ಷರಗಳ ಡಬಲ್ ಡ್ಯೂಟಿ

ಆದರೆ ಎಲ್ಲವನ್ನೂ ಓದುಗನ ಊಹೆಗೆ ಬಿಟ್ಟರೆ ಅರಬರಿಗೂ ಕಷ್ಟವೇ. ಆದ್ದರಿಂದ ಮೂರು ವ್ಯಂಜನಗಳಿಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಲಾಯಿತು. ಅಲಿಫ್‌ಗೆ ಆಕಾರ, ವಾವ್‌ಗೆ ಊಕಾರ, ಯಾಗೆ ಈಕಾರ. ದೀರ್ಘ ಸ್ವರಗಳನ್ನು ಹೀಗೆ ಬರೆಯುತ್ತಾರೆ, ಹ್ರಸ್ವ ಸ್ವರಗಳನ್ನು ಬರೆಯದೆ ಬಿಡುತ್ತಾರೆ. ನಮಗೆ ಪರಿಚಯವಿರುವ ಊರುಗಳಲ್ಲೇ ಇದನ್ನು ನೋಡಬಹುದು.

- ವಾದಿ (ಹಳ್ಳ): ವ್-ಅಲಿಫ್-ದ್-ಯ್. ವಾವ್ ಇಲ್ಲಿ ವ್ಯಂಜನ, ಅಲಿಫ್ ಆಕಾರ, ಯಾ ಈಕಾರ.
- ರುವಿ: ರ್-ವ್-ಯ್. 'ರು'ವಿನ ಉಕಾರ ಬರೆದಿಲ್ಲ. ವಾವ್ ವ್ಯಂಜನ, ಯಾ ಸ್ವರ.
- ಇಬ್ರಿ: ಕೊನೆಯ ಯಾ ಸ್ವರ. ಆದರೆ ಯನ್‌ಕುಲ್‌ನಲ್ಲಿ ಮೊದಲ ಯಾ ವ್ಯಂಜನ.
- ಬುರೈಮಿ: ಇದರಲ್ಲಿ ಎರಡು ಯಾ. ಮೊದಲನೆಯದು 'ರೈ' ಎಂಬಲ್ಲಿ ಐಕಾರಕ್ಕೆ, ಎರಡನೆಯದು ಕೊನೆಯ ಈಕಾರಕ್ಕೆ.
- ಅಲ್ ಖುವೈರ್: ವಾವ್ ವ್ಯಂಜನ, ಅದರ ಪಕ್ಕದ ಯಾ ಐಕಾರದ ಗುರುತು. 'ಖೌರ್' ಅಂದರೆ ಸಮುದ್ರದ ಹಿನ್ನೀರು, 'ಖುವೈರ್' ಅಂದರೆ ಸಣ್ಣ ಹಿನ್ನೀರು. ರುಸೈಲ್ ಎಂಬ ಹೆಸರೂ ಇದೇ ಅಚ್ಚಿನದು.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಹಡಗು ಕಟ್ಟುವುದಕ್ಕೆ ಹೆಸರಾದ ನಮ್ಮ ಸೂರ್ ಪಟ್ಟಣ. ಅದನ್ನು ಬರೆಯುವುದು ಸ್-ವ್-ರ್ ಎಂದು. ಇಲ್ಲಿ ವಾವ್ ಅನ್ನು ಊಕಾರವಾಗಿ ಓದಬೇಕು. ಅರೇಬಿಕ್ ಭಾಷೆಯಲ್ಲಿಟ್ಟ ಮೊಬೈಲ್‌ನಲ್ಲಿ ಫೋಟೋಗಳ ಜಾಗವನ್ನು ನೋಡಿದರೆ ಅಲ್ಲಿಯೂ ಇದೇ ಮೂರು ಅಕ್ಷರ ಕಾಣುತ್ತದೆ. ಅಲ್ಲಿ ಅದು 'ಸುವರ್', ಅಂದರೆ ಚಿತ್ರಗಳು. ಅದೇ ವಾವ್ ಈಗ ವ್ಯಂಜನವಾಯಿತು. ಅಕ್ಷರ ಒಂದೂ ಬದಲಾಗಿಲ್ಲ, ಊರು ಹೋಗಿ ಫೋಟೋ ಆಯಿತು.

ಇನ್ನೊಂದು ಗೊಂದಲ ನಾವಿರುವ ದೇಶದ ಹೆಸರಿನದೇ. ಒಮಾನ್ ಮತ್ತು ಜೋರ್ಡಾನಿನ ರಾಜಧಾನಿ ಅಮ್ಮಾನ್ ಎರಡನ್ನೂ ಅರೇಬಿಕ್‌ನಲ್ಲಿ ಅವೇ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ: ಐನ್, ಮೀಮ್, ಅಲಿಫ್, ನೂನ್. ಉಚ್ಚಾರಣೆ 'ಉಮಾನ್' ಮತ್ತು 'ಅಮ್ಮಾನ್'. ಮೊದಲ ಅಕ್ಷರದ ಹ್ರಸ್ವ ಸ್ವರ ಬರಹದಲ್ಲಿ ಇಲ್ಲ, ಮಕಾರದ ಒತ್ತೂ ಇಲ್ಲ. ಮೇಲೆ ಸಣ್ಣ ಗುರುತು ಹಾಕಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. 'ಸಲ್ತನತ್' ಎಂಬ ಪದ ಹಿಂದೆ ಇದ್ದರೆ ಅದು ನಮ್ಮ ಒಮಾನೇ ಎಂದು ನಿಶ್ಚಿಂತೆ.

ಯಾಕೆ ಇವೇ ಅಕ್ಷರಗಳು?

ಸ್ವರದ ಕೆಲಸಕ್ಕೆ ಕ, ತ, ಬ ಯಾವುದನ್ನೂ ಆರಿಸದೆ ಯ, ವಗಳನ್ನೇ ಯಾಕೆ ಆರಿಸಿದರು? ಇದಕ್ಕೆ ಉತ್ತರ ನಮ್ಮ ಶಾಲೆಯ ವ್ಯಾಕರಣದಲ್ಲೇ ಇದೆ.

ಅತಿ + ಅಂತ = ಅತ್ಯಂತ. ಮನು + ಅಂತರ = ಮನ್ವಂತರ. ಇದು ಯಣ್ ಸಂಧಿ. ಇಕಾರದ ಮುಂದೆ ಇನ್ನೊಂದು ಸ್ವರ ಬಂದರೆ ಅದು ಯಕಾರವಾಗುತ್ತದೆ, ಉಕಾರ ವಕಾರವಾಗುತ್ತದೆ. ಕನ್ನಡದ ಆಗಮ ಸಂಧಿಯಲ್ಲೂ ಮನೆ + ಅಲ್ಲಿ 'ಮನೆಯಲ್ಲಿ' ಆಗುತ್ತದೆ, ಗುರು + ಅನ್ನು 'ಗುರುವನ್ನು' ಆಗುತ್ತದೆ. ಇದರ ತಿರುಗುಮುರುಗೂ ಸಂಸ್ಕೃತದಲ್ಲಿ ಇದೆ. ವಚ್ ಧಾತುವಿನಿಂದ ಉಕ್ತ, ಸ್ವಪ್ ಧಾತುವಿನಿಂದ ಸುಪ್ತ. ವಕಾರ ಉಕಾರವಾಯಿತು. ಇದನ್ನು ಸಂಪ್ರಸಾರಣ ಎನ್ನುತ್ತಾರೆ.

'ಇ' ಎಂದು ಎಳೆದು ಹೇಳುತ್ತಾ ಥಟ್ಟನೆ 'ಅ'ಗೆ ಹೋಗಿ. ನಾಲಿಗೆ ತಾನಾಗಿ 'ಯ' ಅನ್ನುತ್ತದೆ. 'ಉ'ದಿಂದ 'ಅ'ಗೆ ಹಾರಿದರೆ ತುಟಿ 'ವ' ಅನ್ನುತ್ತದೆ. ಬಾಯಲ್ಲಿ ಇವೆರಡರ ಜಾಗ ಒಂದೇ. ನಮ್ಮ ಹಿರಿಯರು ಯ, ರ, ಲ, ವಗಳನ್ನು 'ಅಂತಸ್ಥ' ಎಂದು ಕರೆದರು, ಅಂದರೆ ನಡುವೆ ನಿಂತವು. ಸ್ವರಕ್ಕೂ ವ್ಯಂಜನಕ್ಕೂ ನಡುವೆ ನಿಂತಿರುವ ಅಕ್ಷರಗಳಿಗೆ ಎರಡೂ ಕೆಲಸ ಕೊಡುವುದು ಸಹಜವೇ.

ಅಲಿಫ್‌ನ ಕಥೆ ಸ್ವಲ್ಪ ಬೇರೆ. ಅದು ಮೂಲದಲ್ಲಿ ಗಂಟಲಲ್ಲಿ ಉಸಿರು ಒಂದು ಕ್ಷಣ ಕಟ್ಟಿ ಬಿಡುವ ಸಣ್ಣ ವ್ಯಂಜನ. ಆ ಹಿಡಿತ ಸಡಿಲವಾದಾಗ ಉಳಿಯುವುದು ಬರಿಯ ಆಕಾರ. ಹಾಗಾಗಿ ಅಲಿಫ್ ಆಕಾರದ ಗುರುತಾಗಿ ನಿಂತಿತು.

ಹೀಬ್ರೂವಿನಲ್ಲಿ 'ಓದಿನ ತಾಯಂದಿರು'

ಹೀಬ್ರೂವಿನಲ್ಲಿ ಇಂಥ ಅಕ್ಷರಗಳು ನಾಲ್ಕು: ಆಲೆಫ್, ಹೇ, ವಾವ್, ಯೋದ್. ಯೋದ್ ಯಕಾರವೂ ಹೌದು, ಈ ಅಥವಾ ಏ ಸ್ವರವೂ ಹೌದು. ವಾವ್ ವಕಾರ, ಇಲ್ಲವೇ ಓ ಅಥವಾ ಊ. ಹೇ ಪದದ ಕೊನೆಯಲ್ಲಿ ಬಂದರೆ ಬಹುಮಟ್ಟಿಗೆ ಆಕಾರದ ಅಥವಾ ಏಕಾರದ ಗುರುತು. 'ವೆರೆದ್' (ಗುಲಾಬಿ) ಎಂಬಲ್ಲಿ ವಾವ್ ವ್ಯಂಜನ, 'ಯೋಮ್' (ದಿನ) ಎಂಬಲ್ಲಿ ಅದೇ ವಾವ್ ಓಕಾರ. 'ಯೆಲೆದ್' (ಮಗು) ಎಂಬಲ್ಲಿ ಯೋದ್ ವ್ಯಂಜನ, 'ಶೀರ್' (ಹಾಡು) ಎಂಬಲ್ಲಿ ಅದೇ ಯೋದ್ ಈಕಾರ.

ಹೀಬ್ರೂ ವಿದ್ವಾಂಸರು ಇವನ್ನು 'ಇಮ್ಮೋತ್ ಕ್ರಿಯಾ' ಎನ್ನುತ್ತಾರೆ. ಅಂದರೆ ಓದಿನ ತಾಯಂದಿರು. ದಾರಿ ತಪ್ಪದ ಹಾಗೆ ಓದುಗನನ್ನು ಕೈಹಿಡಿದು ನಡೆಸುವ ಅಕ್ಷರಗಳು. ನಮ್ಮಲ್ಲೂ ವರ್ಣಮಾಲೆಗೆ 'ಮಾತೃಕೆ' ಎಂಬ ಹೆಸರಿರುವುದು ಇಲ್ಲಿ ನೆನಪಾಗುತ್ತದೆ. ಎರಡಕ್ಕೂ ನೇರ ಸಂಬಂಧವಿಲ್ಲದಿದ್ದರೂ, ಅಕ್ಷರವನ್ನು ತಾಯಿ ಎಂದು ಕರೆಯಬೇಕೆಂದು ಎರಡು ನಾಡಿನವರಿಗೂ ಅನ್ನಿಸಿದೆ.

ಈ ಪದ್ಧತಿ ಹೇಗೆ ಹುಟ್ಟಿತು? ಯಾರೋ ಕೂತು ಮಾಡಿದ ಕಾನೂನು ಇದಲ್ಲ. ಹಳೆಯ ಕಾಲದಲ್ಲಿ 'ಬೈತ್' (ಮನೆ) ಎಂಬ ಪದದಲ್ಲಿ ಯಕಾರ ನಿಜವಾಗಿ ಕೇಳಿಸುತ್ತಿತ್ತು, ಬ್-ಯ್-ತ್ ಎಂದು ಬರೆಯುತ್ತಿದ್ದರು. ಕಾಲಕ್ರಮೇಣ ನಾಲಿಗೆಯಲ್ಲಿ ಅಯ್ ಎಂಬುದು ಏ ಆಯಿತು, ಅವ್ ಎಂಬುದು ಓ ಆಯಿತು. ಉಚ್ಚಾರಣೆ ಬದಲಾದರೂ ಬರಹ ಹಾಗೇ ಉಳಿಯಿತು. ಮುಂದಿನ ತಲೆಮಾರಿನವರು ಆ ಯಕಾರವನ್ನು ನೋಡಿ, ಓಹೋ ಇದು ಏಕಾರದ ಗುರುತು ಎಂದುಕೊಂಡರು. ಆಮೇಲೆ ಮೂಲದಲ್ಲಿ ಯಕಾರವೇ ಇಲ್ಲದ ಪದಗಳಲ್ಲೂ ಅದನ್ನು ಸ್ವರಕ್ಕಾಗಿ ಬಳಸತೊಡಗಿದರು. ಕ್ರಿಸ್ತಪೂರ್ವ 9ನೆಯ ಶತಮಾನದ ಮೇಶಾ ಶಿಲಾಶಾಸನ 1868ರಲ್ಲಿ ಇಂದಿನ ಜೋರ್ಡಾನಿನ ದೀಬಾನ್‌ನಲ್ಲಿ ಸಿಕ್ಕಿತು. ಅದು ಹೀಬ್ರೂವಿಗೆ ತೀರ ಹತ್ತಿರದ ಮೋವಾಬಿ ಭಾಷೆಯದು. ಪದಗಳ ಕೊನೆಯಲ್ಲಿ ಇಂಥ ಸ್ವರಸೂಚಕ ಅಕ್ಷರಗಳು ಅದರಲ್ಲಿ ಆಗಲೇ ಇವೆ.

ಈ ಬದಲಾವಣೆಯನ್ನು ಇಲ್ಲಿ ಗಲ್ಫಿನಲ್ಲಿ ನಾವು ಕಿವಿಯಾರೆ ಕೇಳಬಹುದು. ಪುಸ್ತಕದ ಅರೇಬಿಕ್‌ನಲ್ಲಿ 'ಬೈತ್', 'ಯೌಮ್'. ಆಡುಮಾತಿನಲ್ಲಿ ಅನೇಕರು 'ಬೇತ್', 'ಯೋಮ್' ಎನ್ನುತ್ತಾರೆ. ಬರೆಯುವುದು ಮಾತ್ರ ಹಳೆಯ ಹಾಗೆಯೇ. ಯೇಸುವಿನ ಜನ್ಮಸ್ಥಳ ಬೆತ್ಲೆಹೇಮ್ ಹೆಸರಿನಲ್ಲಿರುವ 'ಬೆತ್' ಕೂಡ ಇದೇ ಬೈತ್.

ತಾಯಂದಿರಿದ್ದರೂ ಎಲ್ಲ ಅನುಮಾನ ಪರಿಹಾರವಾಗುವುದಿಲ್ಲ. ದ್-ವ್-ದ್ ಎಂದು ಹೀಬ್ರೂವಿನಲ್ಲಿ ಬರೆದರೆ ಅದು ರಾಜ ದಾವೀದನ ಹೆಸರೂ ಆಗಬಹುದು, 'ದೋದ್' ಅಂದರೆ ಚಿಕ್ಕಪ್ಪ ಅಥವಾ ಮಾವ ಎಂದೂ ಆಗಬಹುದು. ಬೈಬಲ್ಲಿನ ಸಮುವೇಲನ ಪುಸ್ತಕಗಳಲ್ಲಿ ದಾವೀದನ ಹೆಸರು ಹೆಚ್ಚಾಗಿ ಈ ಮೂರೇ ಅಕ್ಷರಗಳಲ್ಲಿದೆ. ಅನಂತರ ಬರೆದ ಪೂರ್ವಕಾಲವೃತ್ತಾಂತದ ಪುಸ್ತಕಗಳಲ್ಲಿ ನಡುವೆ ಒಂದು ಯೋದ್ ಸೇರಿಸಿ ನಾಲ್ಕು ಅಕ್ಷರ ಮಾಡಿದ್ದಾರೆ. ಕಾಲ ಕಳೆದಂತೆ ಓದುಗರಿಗೆ ಹೆಚ್ಚು ಸಹಾಯ ಬೇಕಾಯಿತು.

ಕೊನೆಗೆ ತಿಬೇರಿಯಾದ ಪಂಡಿತರು ಅಕ್ಷರಗಳ ಮೇಲೆ, ಕೆಳಗೆ, ಒಳಗೆ ಚುಕ್ಕೆ-ಗೀಟು ಹಾಕುವ ಕ್ರಮವನ್ನು ಬೆಳೆಸಿದರು. 10ನೆಯ ಶತಮಾನದ ಹೊತ್ತಿಗೆ ಅದು ಪೂರ್ಣವಾಯಿತು. ವಾವ್‌ನ ಮೇಲೆ ಚುಕ್ಕೆ ಇದ್ದರೆ ಓ, ನಡುವೆ ಚುಕ್ಕೆ ಇದ್ದರೆ ಊ. ಆದರೂ ಯಹೂದಿ ಮಂದಿರಗಳಲ್ಲಿ ಓದುವ ಧರ್ಮಗ್ರಂಥದ ಸುರುಳಿಯಲ್ಲಿ ಇಂದಿಗೂ ಚುಕ್ಕೆಗಳನ್ನು ಹಾಕುವುದಿಲ್ಲ. ಇಸ್ರೇಲಿನ ದಿನಪತ್ರಿಕೆಗಳಲ್ಲೂ ಇಲ್ಲ. ಚುಕ್ಕೆಯ ಬದಲಿಗೆ ಅಲ್ಲಿ ಯೋದ್, ವಾವ್‌ಗಳನ್ನು ಧಾರಾಳವಾಗಿ ಬಳಸುತ್ತಾರೆ. ಪದದ ನಡುವೆ ವಾವ್ ವ್ಯಂಜನ ಎಂದು ತಿಳಿಸಬೇಕಾದರೆ ಎರಡು ಸಲ ಬರೆಯುತ್ತಾರೆ. ಚಿಕ್ಕ ಮಕ್ಕಳ ಪುಸ್ತಕಗಳಲ್ಲಿ ಚುಕ್ಕೆಗಳಿರುತ್ತವೆ.

ಮಂಗಳೂರಿನಲ್ಲಿ ಹೀಬ್ರೂ ಅಕ್ಷರ

ಇದೆಲ್ಲ ದೂರದ ವಿಷಯ, ನಮಗೇನು ಎಂದು ಕೇಳಬಹುದು. ಆದರೆ ಸುಮಾರು 900 ವರ್ಷಗಳ ಹಿಂದೆಯೇ ನಮ್ಮ ಕರಾವಳಿಯಲ್ಲಿ ಹೀಬ್ರೂ ಲಿಪಿಯಲ್ಲಿ ಪತ್ರ ವ್ಯವಹಾರ ನಡೆದಿತ್ತು.

ಉತ್ತರ ಆಫ್ರಿಕಾದ ಇಂದಿನ ಟುನೀಸಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದ. 1149ರಲ್ಲಿ ಏಡನ್ನಿಗೆ ಮರಳುವ ತನಕ ಮೆಣಸು, ಅಡಿಕೆ, ಕಂಚಿನ ಪಾತ್ರೆಗಳ ವ್ಯಾಪಾರ ಮಾಡಿಕೊಂಡಿದ್ದ. ಅವನೂ ಏಡನ್ನಿನ ಅವನ ಸ್ನೇಹಿತರೂ ಬರೆದುಕೊಳ್ಳುತ್ತಿದ್ದದ್ದು ಅರೇಬಿಕ್ ಭಾಷೆಯನ್ನು, ಹೀಬ್ರೂ ಅಕ್ಷರಗಳಲ್ಲಿ. ಮಂಗಳೂರನ್ನು ಅವರು 'ಮಂಜರೂರ್' ಎಂದು ಕರೆದರು. ನಮ್ಮ 'ಊರು' ಪದದ ದೀರ್ಘ ಊಕಾರಕ್ಕೆ ಅಲ್ಲಿ ದುಡಿದದ್ದು ವಾವ್ ಅಕ್ಷರ.

ಈ ಪತ್ರಗಳು ಕೈರೋದ ಹಳೆಯ ಬೆನ್ ಎಜ್ರಾ ಯಹೂದಿ ಮಂದಿರದ ಕೋಣೆಯಲ್ಲಿ, ದೇವರ ಹೆಸರಿರುವ ಕಾಗದ ಎಸೆಯಬಾರದೆಂದು ಕೂಡಿಟ್ಟ ರಾಶಿಯಲ್ಲಿ ಉಳಿದುಕೊಂಡವು. ಎಸ್. ಡಿ. ಗೊಯಿಟೈನ್ ಎಂಬ ವಿದ್ವಾಂಸರು ಇವನ್ನು ಜಗತ್ತಿಗೆ ಪರಿಚಯಿಸಿದರು. ಅಮಿತಾವ್ ಘೋಷ್ 1992ರಲ್ಲಿ ಇದೇ ವಿಷಯವಾಗಿ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಎಂಬ ಪುಸ್ತಕ ಬರೆದರು.

1148ರಲ್ಲಿ ಏಡನ್ನಿನಿಂದ ಬಂದ ಒಂದು ಪತ್ರದ ಕೊನೆಗೆ ಬಿನ್ ಯಿಜುವಿನ ಆಳೊಬ್ಬನಿಗೂ ಕ್ಷೇಮ ಕೇಳಿದ್ದಾರೆ. ಅವನು ಯಜಮಾನನ ಪರವಾಗಿ ಸಮುದ್ರ ದಾಟಿ ವ್ಯಾಪಾರಕ್ಕೆ ಹೋಗಿಬರುತ್ತಿದ್ದ ನಂಬಿಕಸ್ಥ. ಅವನ ಹೆಸರಿನಲ್ಲಿರುವುದು ಬಕಾರ, ಮಕಾರ, ಕೊನೆಯಲ್ಲೊಂದು ಸ್ವರಸೂಚಕ ಅಕ್ಷರ, ಅಷ್ಟೇ. ಮೊದಲ ಅಕ್ಷರದ ಸ್ವರ ಬರೆದಿಲ್ಲ. ಆದ್ದರಿಂದ ವಿದ್ವಾಂಸರು ಅದನ್ನು 'ಬಾಮಾ' ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ತುಳು-ಕನ್ನಡ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರನ್ನು ಕೇಳಿದಾಗ ಆ ಹೆಸರು 'ಬೊಮ್ಮ' ಎಂದು ಹೊಳೆಯಿತು. ಬೊಮ್ಮ ನಮ್ಮ ನಾಡಿನ ಹಳೆಯ ಹೆಸರು, ಬ್ರಹ್ಮನ ತದ್ಭವ.

ಬರೆಯದೆ ಬಿಟ್ಟ ಒಂದು ಹ್ರಸ್ವ ಒಕಾರ! ಅದು ಸಿಕ್ಕಿದ ಕೂಡಲೇ ಎಲ್ಲಿಯವನೋ ಎಂಬಂತಿದ್ದ ಆಳು ತುಳುನಾಡಿನ ಮನುಷ್ಯನಾಗಿ ಎದ್ದು ನಿಂತ. ಲಿಪಿಯಲ್ಲಿ ಇಲ್ಲದ್ದನ್ನು ತುಂಬಿಕೊಟ್ಟದ್ದು ಆ ನೆಲದ ಭಾಷೆ. ಹೀಬ್ರೂ ಎಷ್ಟು ಬಲ್ಲವರಿಗೂ ಅದೊಂದರಿಂದಲೇ ಅದು ಸಾಧ್ಯವಿರಲಿಲ್ಲ. ಗಲ್ಫಿಗೆ ದುಡಿಯಲು ಬಂದ ನಮ್ಮವರ ಸಾಲಿನಲ್ಲಿ ಬೊಮ್ಮನನ್ನೂ ಒಬ್ಬ ಪೂರ್ವಿಕ ಎಂದು ಎಣಿಸಬಹುದಲ್ಲವೇ?

ಒಮಾನಿನ ಮಗ ಖಲೀಲ್

ಅರೇಬಿಕ್‌ಗೆ ಸ್ವರಚಿಹ್ನೆ ಕೊಟ್ಟ ಕಥೆಯಲ್ಲಿ ನಾವಿರುವ ನಾಡಿಗೆ ದೊಡ್ಡ ಪಾಲಿದೆ. 7ನೆಯ ಶತಮಾನದಲ್ಲಿ ಬಸ್ರಾದ ಅಬುಲ್ ಅಸ್ವದ್ ಅಲ್ ದುಅಲಿ ಸ್ವರಗಳಿಗೆ ಬಣ್ಣದ ಚುಕ್ಕೆ ಹಾಕುವ ಕ್ರಮ ತಂದನೆಂದು ಪರಂಪರೆ ಹೇಳುತ್ತದೆ. ಅಕ್ಷರದ ಮೇಲೆ ಚುಕ್ಕೆ ಇದ್ದರೆ ಅ, ಕೆಳಗಿದ್ದರೆ ಇ, ಪಕ್ಕದಲ್ಲಿದ್ದರೆ ಉ. ಆದರೆ ಅಕ್ಷರಗಳಿಗೇ ಚುಕ್ಕೆಗಳಿರುವ ಲಿಪಿಯಲ್ಲಿ ಇದು ಗೊಂದಲವಾಯಿತು. ಎರಡು ಬಣ್ಣದ ಶಾಯಿಯೂ ಬೇಕಾಗುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದವನು 8ನೆಯ ಶತಮಾನದ ಖಲೀಲ್ ಬಿನ್ ಅಹ್ಮದ್ ಅಲ್ ಫರಾಹೀದಿ. ಒಮಾನಿನ ಅಜ್ದ್ ಬುಡಕಟ್ಟಿನವನು, ಒಮಾನಿನಲ್ಲೇ ಹುಟ್ಟಿದನೆಂದು ಇಲ್ಲಿನವರು ಅಭಿಮಾನದಿಂದ ನೆನೆಯುತ್ತಾರೆ. ಓದಿ ಬಾಳಿದ್ದು ಬಸ್ರಾದಲ್ಲಿ. ಅವನ ಉಪಾಯ ಸರಳ. ವಾವ್ ಅಕ್ಷರ ದೀರ್ಘ ಊ ಆದರೆ, ಹ್ರಸ್ವ ಉಕಾರಕ್ಕೆ ಒಂದು ಪುಟ್ಟ ವಾವ್ ಬರೆದು ಅಕ್ಷರದ ತಲೆಯ ಮೇಲೆ ಇಟ್ಟರಾಯಿತು. ಅಕಾರಕ್ಕೆ ಮೇಲೆ ಮಲಗಿದ ಪುಟ್ಟ ಅಲಿಫ್, ಇಕಾರಕ್ಕೆ ಕೆಳಗೆ ಯಾ ಅಕ್ಷರದ ತುಣುಕು. ದೊಡ್ಡಕ್ಷರ ದೀರ್ಘಕ್ಕೆ, ಅದರ ಮರಿ ಹ್ರಸ್ವಕ್ಕೆ! ಅಕ್ಷರದ ಒತ್ತಿಗೂ, ಅಲಿಫ್‌ನ ಗಂಟಲ ಧ್ವನಿಗೂ ಬೇರೆ ಗುರುತು ಕೊಟ್ಟವನು ಅವನೇ ಎನ್ನುತ್ತಾರೆ. ಇಂದಿಗೂ ಕುರಾನನ್ನು ಈ ಚಿಹ್ನೆಗಳ ಸಮೇತ ಅಚ್ಚು ಹಾಕುತ್ತಾರೆ. ಪತ್ರಿಕೆಗಳಲ್ಲಿ, ಬೋರ್ಡುಗಳಲ್ಲಿ ಮಾತ್ರ ಬಿಟ್ಟುಬಿಡುತ್ತಾರೆ.

ಅರೇಬಿಕ್‌ನ ಮೊದಲ ನಿಘಂಟು 'ಕಿತಾಬ್ ಅಲ್ ಐನ್' ಕೂಡ ಖಲೀಲನ ಯೋಜನೆ. ಅದರಲ್ಲಿ ಅಕ್ಷರಗಳ ಕ್ರಮ ಗಂಟಲಿನಿಂದ ಶುರುವಾಗಿ ತುಟಿಯ ಕಡೆಗೆ ಬರುತ್ತದೆ. ನಮ್ಮ ಕವರ್ಗದಿಂದ ಪವರ್ಗಕ್ಕೆ ಬರುವ ಕ್ರಮವನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ಭಾರತದ ವ್ಯಾಕರಣದ ಪ್ರಭಾವ ಇದರಲ್ಲಿ ಇದೆಯೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಕೊನೆಯಲ್ಲಿ ಖಲೀಲ್ ಅಲಿಫ್, ವಾವ್, ಯಾಗಳನ್ನು ಬೇರೆ ಗುಂಪಾಗಿ ಇಟ್ಟ, ಗಾಳಿಯಲ್ಲೇ ಹುಟ್ಟುವ ಅಕ್ಷರಗಳೆಂದು. ನಮ್ಮವರು ಅಂತಸ್ಥ ಎಂದು ಪ್ರತ್ಯೇಕ ಇಟ್ಟ ಯ, ವಗಳನ್ನು ಅವನೂ ಪ್ರತ್ಯೇಕ ಇಟ್ಟ.

ಚಿತ್ರದುರ್ಗದ ಬಂಡೆಯಲ್ಲಿ ಬಲದಿಂದ ಎಡಕ್ಕೆ

ಈ ಲಿಪಿಗಳ ಬಂಧುವೊಂದು ಕರ್ನಾಟಕದಲ್ಲೂ ಇದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಬರೆದವನಾದ ಚಪಡ 'ಲಿಪಿಕಾರ' ಎಂಬ ಅರ್ಥದ ತನ್ನ ಬಿರುದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಹೀಬ್ರೂವಿನ ಸೋದರ ಲಿಪಿಯಾದ ಅರಮಾಯಿಕ್‌ನಿಂದ ಹುಟ್ಟಿದ್ದು. ಅರಮಾಯಿಕ್‌ನಲ್ಲೂ ಆಲೆಫ್, ವಾವ್, ಯೋದ್‌ಗಳೇ ಸ್ವರದ ಕೆಲಸ ಮಾಡುತ್ತಿದ್ದವು.

ಆದರೆ ಭಾರತದ ಭಾಷೆಗಳಿಗೆ ಬಂದ ಕೂಡಲೇ ಆ ಪದ್ಧತಿ ಸಾಲದಾಯಿತು. ಮ್-ನ್ ಉದಾಹರಣೆ ನೆನಪಿದೆಯಲ್ಲ? ಹಾಗಾಗಿ ಖರೋಷ್ಠಿಯಲ್ಲಿ ಪ್ರತಿ ವ್ಯಂಜನಕ್ಕೂ ಅಕಾರ ಸೇರಿಯೇ ಇತ್ತು. ಇ, ಉ, ಎ, ಒಗಳಿಗೆ ಅಕ್ಷರದ ಮೈಮೇಲೆ ಒಂದೊಂದು ಗೀಟು. ಬ್ರಾಹ್ಮಿಯಲ್ಲೂ ಇದೇ ಉಪಾಯ, ಇನ್ನೂ ಪೂರ್ಣವಾಗಿ. ಬ್ರಾಹ್ಮಿಯಿಂದ ಬಂದ ನಮ್ಮ ಕನ್ನಡದಲ್ಲಿ ಅದೇ ಕಾಗುಣಿತವಾಯಿತು. ಅಲ್ಲಿ ಯ, ವಗಳು ತಮ್ಮ ಕೆಲಸ ಮಾತ್ರ ನೋಡಿಕೊಂಡವು, ಸ್ವರಕ್ಕೆ ಬೇರೆ ಆಳು ಬಂದ.

ನಮ್ಮದೂ ಒಂದೇ ದಿನಕ್ಕೆ ಪೂರ್ಣವಾದ ಲಿಪಿಯೇನಲ್ಲ. ಹಳೆಯ ಶಾಸನಗಳಲ್ಲಿ ಎ-ಏ, ಒ-ಓ ವ್ಯತ್ಯಾಸವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ. ಓದುವವರು ಸಂದರ್ಭ ನೋಡಿ ಹ್ರಸ್ವವೋ ದೀರ್ಘವೋ ತಿಳಿದುಕೊಳ್ಳುತ್ತಿದ್ದರು. ದೀರ್ಘದ ಗುರುತು ಸ್ಥಿರವಾದದ್ದು ಆಮೇಲೆ.

ಕಾರ್ಡಿನಲ್ಲಿ ನಮ್ಮ ಹೆಸರು

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನಮ್ಮ ಹೆಸರನ್ನು ಅರೇಬಿಕ್‌ನಲ್ಲಿ ಬರೆಯುವವರು ಸಾಮಾನ್ಯವಾಗಿ ಪಾಸ್‌ಪೋರ್ಟಿನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬರೆಯುತ್ತಾರೆ. ಪುಸ್ತಕದ ಅರೇಬಿಕ್‌ನಲ್ಲಿ ಎ, ಏ, ಒ, ಓ ಇಲ್ಲ. ಪ, ಚ, ಟ, ಡ, ಳ, ಣಗಳೂ ಇಲ್ಲ. ಹ್ರಸ್ವ ಸ್ವರ ಬರೆಯದೆ ಬಿಟ್ಟರೆ ಪರಭಾಷೆಯ ಹೆಸರನ್ನು ಯಾರೂ ಊಹಿಸಲಾರರು. ಅದಕ್ಕೇ ಹ್ರಸ್ವವಿದ್ದಲ್ಲೂ ಅಲಿಫ್, ವಾವ್, ಯಾ ತುಂಬುತ್ತಾರೆ.

- ಸುರೇಶ: ಸ್-ವ್-ರ್-ಯ್-ಶ್. ಅರೇಬಿಕ್ ಬಲ್ಲವರು ಓದಿದರೆ 'ಸೂರೀಶ್'.
- ವಿಜಯ್: ವಕಾರಕ್ಕೆ ಹೆಚ್ಚಾಗಿ ಫಾ ಅಕ್ಷರ ಹಾಕಿ ಫ್-ಯ್-ಜ್-ಅಲಿಫ್-ಯ್. ಮೊದಲ ಯಾ ಸ್ವರ, ಕೊನೆಯ ಯಾ ವ್ಯಂಜನ. ಒಂದೇ ಹೆಸರಿನಲ್ಲಿ ಎರಡು ಕೆಲಸ!
- ರಾವ್: ರ್-ಅಲಿಫ್-ವ್. ಏನೂ ತೊಂದರೆಯಿಲ್ಲ.
- ಪೈ: ಬ್-ಅಲಿಫ್-ಯ್. ಪೈ ಮಾಮ್ ಇಲ್ಲಿ 'ಬಾಯ್' ಆಗುತ್ತಾರೆ.
- ಶೆಟ್ಟಿ: ಶ್-ಯ್-ತ್-ಯ್ ಎಂದೂ ಬರೆಯಬಹುದು, ನಡುವಿನ ಯಾ ಬಿಟ್ಟು ಶ್-ತ್-ಯ್ ಎಂದೂ ಬರೆಯಬಹುದು.

ಕೊನೆಯ ಉದಾಹರಣೆಯಲ್ಲೇ ತಾಪತ್ರಯ ಇರುವುದು. ಎರಡು ಸ್ಪೆಲ್ಲಿಂಗೂ ಸರಿಯೇ. ಆದರೆ ಅಪ್ಪನ ಕಾರ್ಡಿನಲ್ಲಿ ಯಾ ಇದ್ದು ಮಗನ ಕಾಗದದಲ್ಲಿ ಇಲ್ಲದಿದ್ದರೆ, ಅರೇಬಿಕ್ ಮಾತ್ರ ನೋಡುವವರಿಗೆ ಅವು ಎರಡು ಬೇರೆ ಮನೆತನದ ಹೆಸರುಗಳು. ಆದ್ದರಿಂದ ಕೆಲವು ಸಣ್ಣ ಎಚ್ಚರಿಕೆಗಳು. ಮೊದಲ ಸಲ ಅರ್ಜಿ ತುಂಬುವಾಗಲೇ ಅರೇಬಿಕ್ ಬಲ್ಲವರಿಂದ ಹೆಸರನ್ನು ಗಟ್ಟಿಯಾಗಿ ಓದಿಸಿ ಕೇಳಿ. ಮನೆಯವರೆಲ್ಲರ ಹೆಸರಿಗೂ ಒಂದೇ ಸ್ಪೆಲ್ಲಿಂಗ್ ಇರಲಿ. ಅದರ ಒಂದು ಪ್ರತಿ ಮನೆಯ ಫೈಲಿನಲ್ಲಿರಲಿ. ಮಗು ಹುಟ್ಟಿದಾಗ, ಮನೆ ಬಾಡಿಗೆ ಕರಾರು ಮಾಡುವಾಗ, ವೀಸಾ ಬದಲಿಸುವಾಗ ಅದನ್ನೇ ತೋರಿಸಿ. ಅಚ್ಚಾಗುವ ಮೊದಲು ತಿದ್ದಿಸುವುದು ಸುಲಭ, ಆಮೇಲೆ ಓಡಾಟ ಜಾಸ್ತಿ.

ಇನ್ನು ಮಕ್ಕಳ ವಿಷಯ. 'ಕ ಕಾ ಕಿ ಕೀ ಎಷ್ಟೊಂದು ಇದೆ ಅಮ್ಮಾ' ಎಂದು ಗೊಣಗುವ ಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ. ಅವರಿಗೆ ಈ ವಾರ ಒಂದು ಆಟ ಕೊಡಿ. ಅಜ್ಜಿ, ತಾತ, ಊರು, ತಿಂಡಿಗಳ ಹೆಸರನ್ನು ಸ್ವರವಿಲ್ಲದೆ ಬರೆದು ಚೀಟಿ ಮಾಡಲಿ, ಇನ್ನೊಬ್ಬರು ಓದಲಿ. ಆಮೇಲೆ ದೀರ್ಘ ಸ್ವರಗಳಿಗೆ ಮಾತ್ರ ಅ, ವ, ಯ ಸೇರಿಸಿ ಮತ್ತೆ ಓದಲಿ. ಎಷ್ಟು ಸುಲಭವಾಯಿತು, ಇನ್ನೂ ಎಲ್ಲಿ ತೊಡಕು ಉಳಿಯಿತು ಎಂದು ಅವರಿಗೇ ತಿಳಿಯುತ್ತದೆ. ಶಾಲೆಯಲ್ಲಿ ಅರೇಬಿಕ್ ಕಲಿಯುವ ಮಕ್ಕಳಿದ್ದರೆ ಅವರೇ ಈ ಆಟದ ಮೇಷ್ಟ್ರು. ಕಾಗುಣಿತ ಏನು ಉಪಕಾರ ಮಾಡುತ್ತಿದೆ ಎಂಬುದು ಆಗ ಬಾಯಿಪಾಠವಿಲ್ಲದೆಯೇ ಅರ್ಥವಾಗುತ್ತದೆ.

ಬೊಮ್ಮನ ಹೆಸರಿನ ಸ್ವರವನ್ನು ಮರಳಿ ಹುಡುಕಲು ಎಂಟು ಶತಮಾನಗಳೇ ಹಿಡಿದವು. ನಮ್ಮ ಮಕ್ಕಳಿಗೆ ಅವರ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದರೆ ಅಂಥ ಹುಡುಕಾಟ ಯಾರಿಗೂ ಬೇಕಾಗುವುದಿಲ್ಲ. ಕಾರ್ಡಿನಲ್ಲಿ ಏನೇ ಇರಲಿ, ಒಂದು ಕಡೆಯಾದರೂ ಆ ಹೆಸರು ಕೂಗಿದ ಹಾಗೇ ಬರೆದಿರಲಿ.